ಹೊಳೆಗೆ ಕಾಲಿಡದ ಸಂಕ: ನೆರೆಗೆ ಜಗ್ಗದ ತೂಗುಸೇತುವೆ ಕಟ್ಟುವುದು ಹೇಗೆ

ನಮ್ಮ ತೋಡಿನ (ಸಣ್ಣ ಹೊಳೆಯ) ಮೊದಲ ಸಂಕ, ಅಂದರೆ ಕಾಲುಸೇತುವೆ, ಅಡಿಕೆ ಮರದ್ದು. ಮೂರು ಮರ ಕಡಿದು ಅಡ್ಡ ಹಾಕುವುದು, ಹಗ್ಗದಲ್ಲಿ ಬಿಗಿಯುವುದು, ಕೈಹಿಡಿಗೆ ಒಂದು ಬಿದಿರು. ಪ್ರತಿ ವರ್ಷ ಮಳೆ ಹಿಡಿಯುವ ಮೊದಲು ಹೊಸತು. ಆಮೇಲೆ ಊರವರೆಲ್ಲ ಸೇರಿ ಎರಡು ಸಾಲು ಸಿಮೆಂಟ್ ಪೈಪ್ ಇಟ್ಟು ಮೇಲೆ ಕಾಂಕ್ರೀಟ್ ಹಾಕಿದೆವು. ಹೆಮ್ಮೆಯೋ ಹೆಮ್ಮೆ. ಮೂರು ಮಳೆಗಾಲ ನಿಂತಿತು. ನಾಲ್ಕನೆಯದರಲ್ಲಿ ಬೇರು ಸಮೇತ ಒಂದು ಮರ ಬಂತು. ಬೇರಿನ ಗೊಂಚಲು ಒಂದು ಪೈಪಿನ ಬಾಯಿಗೆ ಸಿಕ್ಕಿಕೊಂಡಿತು. ಅದರ ಹಿಂದೆ ತೆಂಗಿನ ಗರಿ, ಬಿದಿರು, ಯಾರದೋ ಹಟ್ಟಿಯ ಮಾಡಿನ ತಗಡು. ಅರ್ಧ ಗಂಟೆಯಲ್ಲಿ ನೀರು ಏರಿತು, ಪಕ್ಕದ ದಾರಿಯ ಮಣ್ಣು ಕೊರೆದುಕೊಂಡು ಹೋಯಿತು. ಆ ಪೈಪುಗಳು ಈಗಲೂ ಅಲ್ಲೇ ಇವೆ, ಗಟ್ಟಿಮುಟ್ಟಾಗಿ. ತೋಡು ಮಾತ್ರ ಪಕ್ಕದಲ್ಲಿ ಹರಿಯುತ್ತಿದೆ.

ಆವತ್ತು ಕಲಿತದ್ದು ಇಷ್ಟು. ಸಂಕವನ್ನು ಬರೀ ನೀರು ಮುರಿಯುವುದು ಅಪರೂಪ. ನೀರು ಹೊತ್ತು ತರುವ ಮರ ಮುರಿಯುತ್ತದೆ. ಇಲ್ಲವೇ ನೀರು ಬುಡದಿಂದ ಹೊತ್ತುಕೊಂಡು ಹೋಗುವ ಮಣ್ಣು ಬೀಳಿಸುತ್ತದೆ. ಮುಂದೆ ಹೇಳುವುದೆಲ್ಲ ಈ ಎರಡರಿಂದ ತಪ್ಪಿಸಿಕೊಳ್ಳುವ ದಾರಿ.

ಒಂದು ಮಾತು ಮೊದಲೇ ಹೇಳುತ್ತೇನೆ. ಇದನ್ನು ಓದಿ ನೀವೇ ಹಗ್ಗ ತಂದು ಕಟ್ಟಬೇಡಿ. ನಕ್ಷೆ, ಲೆಕ್ಕ, ಸಹಿ ಎಲ್ಲ ಸ್ಟ್ರಕ್ಚರಲ್ ಎಂಜಿನಿಯರದ್ದೇ ಆಗಬೇಕು. ಆದರೆ ಅವರ ಹತ್ತಿರ ಏನು ಕೇಳಬೇಕು, ಯಾವ ಮಾಹಿತಿ ಕೊಡಬೇಕು, ಎಲ್ಲಿ ಪಟ್ಟು ಹಿಡಿಯಬೇಕು ಅನ್ನುವುದು ಊರವರಿಗೆ ಗೊತ್ತಿರಬೇಕು.

ಸರ್ವೆ ಮಾಡಬೇಕಾದದ್ದು ಮಳೆಗಾಲದಲ್ಲೇ

ಹೆಚ್ಚಿನ ಕಡೆ ಜಾಗ ನೋಡಲು ಬರುವುದು ಜನವರಿಯಲ್ಲಿ. ಹೊಳೆ ಆಗ ಸಾಧುವಾಗಿರುತ್ತದೆ, ಕಲ್ಲಿನ ಮೇಲೆ ಕಾಲಿಟ್ಟು ದಾಟಬಹುದು. ಅದನ್ನು ನೋಡಿ ಸಂಕದ ಎತ್ತರ ನಿರ್ಧರಿಸಿದರೆ ಮುಗಿಯಿತು ಕಥೆ. ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್), ಘಟ್ಟದಲ್ಲಿ ಎರಡು ದಿನ ಬಿಡದೆ ಸುರಿದ ಮೇಲೆ ಹೋಗಿ ನೋಡಬೇಕು.

ನೆರೆ ಇಳಿದ ಮರುದಿನ ದಡದಲ್ಲಿ ನಡೆಯಿರಿ. ಬಿದಿರುಮೆಳೆಯಲ್ಲಿ ಎಷ್ಟು ಎತ್ತರಕ್ಕೆ ಪ್ಲಾಸ್ಟಿಕ್, ಹುಲ್ಲು ಸಿಕ್ಕಿಕೊಂಡಿದೆ ನೋಡಿ. ಮರದ ತೊಗಟೆಯ ಮೇಲೆ ಕೆಸರಿನ ಗೆರೆ ಎಲ್ಲಿಗೆ ನಿಂತಿದೆ ನೋಡಿ. ಅಲ್ಲೊಂದು ಮೊಳೆ ಹೊಡೆದು ತಾರೀಕು ಬರೆಯಿರಿ. ಕನಿಷ್ಠ ಎರಡು ಮಳೆಗಾಲದ ಗುರುತು ಸಿಕ್ಕಿದರೆ ಒಳ್ಳೆಯದು.

ಹಳಬರನ್ನು ಕೇಳಿ. ನೇತ್ರಾವತಿ ಕಡೆಯವರಿಗೆ 1923ರ ಮತ್ತು 1974ರ ನೆರೆಯ ಕಥೆ ಮನೆಮನೆಯಲ್ಲಿ ಉಂಟು. 'ಇಲ್ಲಿಯವರೆಗೆ ಬಂದಿತ್ತು ಮಾರಾಯ, ಈ ಮೆಟ್ಟಿಲಿನವರೆಗೆ' ಎಂದು ಅಜ್ಜ ಕೋಲು ಊರಿ ತೋರಿಸಿದರೆ ಆ ಮೆಟ್ಟಿಲನ್ನು ಲೆವೆಲ್ ಯಂತ್ರದಲ್ಲಿ ಅಳೆಸಿ. ನೆನಪು ಸ್ವಲ್ಪ ಉಬ್ಬಿರಬಹುದು. ಪರವಾಗಿಲ್ಲ, ಉಬ್ಬಿದ ನೆನಪಿನಿಂದ ಯಾವ ಸಂಕವೂ ಕೊಚ್ಚಿಹೋಗಿಲ್ಲ. 2019ರ ಆಗಸ್ಟ್‌ನಲ್ಲಿ ಬೆಳ್ತಂಗಡಿ ತಾಲೂಕಿನ ಚಾರ್ಮಾಡಿ ಭಾಗದಲ್ಲಿ ಗುಡ್ಡ ಜರಿದು, ದೊಡ್ಡ ದೊಡ್ಡ ಮರಗಳು ಹೊಳೆಯಲ್ಲಿ ಬಂದು ಸಂಕಗಳಿಗೆ ಬಡಿದದ್ದನ್ನು ನೋಡಿದವರು ಇನ್ನೂ ಜಾಸ್ತಿ ಹೇಳುತ್ತಾರೆ.

ನೀರಿನ ವೇಗಕ್ಕೆ ಒಂದು ಸುಲಭ ಉಪಾಯ ಉಂಟು. ದಡದ ಮೇಲೆ 30 ಮೀಟರ್ ಅಂತರದಲ್ಲಿ ಎರಡು ಕೋಲು ನೆಡಿ. ಮೇಲಿನಿಂದ ಒಂದು ಸಿಪ್ಪೆ ಸುಲಿಯದ ತೆಂಗಿನಕಾಯಿ ಎಸೆಯಿರಿ. ಮೊದಲ ಕೋಲಿನಿಂದ ಎರಡನೆಯದಕ್ಕೆ ಎಷ್ಟು ಸೆಕೆಂಡ್ ಅಂತ ಮೊಬೈಲಿನಲ್ಲಿ ನೋಡಿ. 30 ಅನ್ನು ಆ ಸೆಕೆಂಡಿನಿಂದ ಭಾಗಿಸಿದರೆ ಮೇಲ್ಮೈ ವೇಗ. ಮೇಲ್ಮೈ ವೇಗದ ಸುಮಾರು 85 ಶೇಕಡಾ ಅಂದರೆ ಒಟ್ಟು ನೀರಿನ ಸರಾಸರಿ ವೇಗ. ಅದನ್ನು ಹೊಳೆಯ ಅಡ್ಡಕೊಯ್ತದ ವಿಸ್ತೀರ್ಣದಿಂದ ಗುಣಿಸಿದರೆ ಆ ದಿನದ ಹರಿವು. ದಡದಲ್ಲಿ ನಿಂತೇ ಎಸೆಯಿರಿ, ನೀರಿಗೆ ಇಳಿಯಬೇಡಿ.

ತೋಡಿನ ತಾಕತ್ತು

ಅಳತೆ ಸಿಗದ ಕಡೆ ಎಂಜಿನಿಯರುಗಳು ಡಿಕೆನ್ಸ್ ಸೂತ್ರ ಬಳಸುತ್ತಾರೆ. ಹೊಳೆಗೆ ನೀರು ಬಂದು ಸೇರುವ ಗುಡ್ಡಪ್ರದೇಶದ ವಿಸ್ತೀರ್ಣವನ್ನು ಚದರ ಕಿಲೋಮೀಟರಿನಲ್ಲಿ ತೆಗೆದುಕೊಂಡು, ಅದರ ಮುಕ್ಕಾಲು ಘಾತವನ್ನು ಒಂದು ಗುಣಾಂಕದಿಂದ ಗುಣಿಸುವುದು. ಪಶ್ಚಿಮ ಘಟ್ಟದ ಕಡೆಗೆ ಆ ಗುಣಾಂಕ 22ರಿಂದ 25. ಬಯಲುಸೀಮೆಗೆ ಇದರ ಅರ್ಧ ಸಾಕು.

ನಮ್ಮ ತೋಡಿಗೆ ಹಾಕಿ ನೋಡಿದೆ. ಬರೀ 2 ಚದರ ಕಿಲೋಮೀಟರ್ ಗುಡ್ಡ. ಉತ್ತರ ಸೆಕೆಂಡಿಗೆ 37 ಘನ ಮೀಟರ್. 6,000 ಲೀಟರಿನ ನೀರಿನ ಟ್ಯಾಂಕರ್ ಇರುತ್ತದಲ್ಲ, ಅಂಥ ಆರು ಟ್ಯಾಂಕರ್ ಪ್ರತಿ ಸೆಕೆಂಡಿಗೆ! ನಾವು ಇಟ್ಟದ್ದು 900 ಮಿ.ಮೀ. ವ್ಯಾಸದ ಎರಡು ಪೈಪ್. ನೀರು ಸೆಕೆಂಡಿಗೆ 3 ಮೀಟರ್ ವೇಗದಲ್ಲಿ ನುಗ್ಗಿದರೂ ಎರಡರಲ್ಲೂ ಸೇರಿ 4 ಘನ ಮೀಟರ್ ದಾಟುವುದಿಲ್ಲ. ಹತ್ತರಲ್ಲಿ ಒಂದು ಪಾಲು. ಮರ ಬಾರದಿದ್ದರೂ ಒಂದು ದಿನ ಆ ಸಂಕ ಹೋಗುವುದೇ ಇತ್ತು.

ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ನಿಯಮದಲ್ಲಿ ನೆರೆಯ ಮಟ್ಟದಿಂದ ಸಂಕದ ಅಡಿಗೆ ಎಷ್ಟು ಜಾಗ ಬಿಡಬೇಕು ಅಂತ ಕೋಷ್ಟಕವೇ ಉಂಟು. 30ರಿಂದ 300 ಘನ ಮೀಟರ್ ಹರಿವಿಗೆ 900 ಮಿ.ಮೀ., 300ರಿಂದ 3,000ಕ್ಕೆ 1,200 ಮಿ.ಮೀ. ಇದು ಕನಿಷ್ಠ ಮಾತ್ರ. ತೇಲಿ ಬರುವ ಮರ ಮಲಗಿಕೊಂಡೇ ಬರುತ್ತದೆ ಅಂತ ಏನಿಲ್ಲ. ಬೇರಿನ ಬುಡ ಉರುಳುವಾಗ ಒಂದಾಳೆತ್ತರ ನೀರಿನಿಂದ ಮೇಲೆ ಏಳುತ್ತದೆ. ಘಟ್ಟದ ಬುಡದ ಹೊಳೆಗಳಿಗೆ ಹಳೆಯ ದೊಡ್ಡ ನೆರೆಯ ಗುರುತಿನಿಂದ ಎರಡೂವರೆ, ಮೂರು ಮೀಟರ್ ಬಿಡಿ ಅನ್ನುವುದು ನನ್ನ ಅಭಿಪ್ರಾಯ. ಅದನ್ನೂ ಜನ ತುಂಬಿ ಹಲಗೆ ನಡುವೆ ತಗ್ಗಿದಾಗ ಅಳೆಯಬೇಕು, ಖಾಲಿ ಇರುವಾಗ ಅಲ್ಲ.

ಎಲ್ಲಿ ಕಟ್ಟುವುದು

ನೇರವಾಗಿ ಹರಿಯುವ ಕಡೆ. ತಿರುವಿನಲ್ಲಿ ಬೇಡ, ಅದರಲ್ಲೂ ತಿರುವಿನ ಹೊರದಡ ಬೇಡವೇ ಬೇಡ. ವರ್ಷ ವರ್ಷ ಹೊಳೆ ಕೊರೆಯುವುದು ಆ ದಡವನ್ನೇ. ಎರಡೂ ಕಡೆ ಎತ್ತರದ ದಡ, ಸಾಧ್ಯವಾದರೆ ಕಪ್ಪು ಬಂಡೆ. ಶಾಲೆಗೆ ಹತ್ತಿರ ಅಂತ ತಗ್ಗಿನ ಗದ್ದೆ ಕಡೆ ಕಟ್ಟಿದರೆ ಮಳೆಗಾಲದಲ್ಲಿ ಸಂಕ ನಿಂತಿರುತ್ತದೆ, ಸಂಕಕ್ಕೆ ಹೋಗುವ ದಾರಿ ಮುಳುಗಿರುತ್ತದೆ. ಆಗ ಮಕ್ಕಳು ಎದೆಮಟ್ಟದ ನೀರಿನಲ್ಲಿ ಸಂಕ ಹುಡುಕಿಕೊಂಡು ಹೋಗಬೇಕು. 200 ಮೀಟರ್ ಸುತ್ತಾದರೂ ಎತ್ತರದ ಜಾಗವೇ ಆಗಲಿ. ಈ ವಿಷಯದಲ್ಲಿ ಊರಲ್ಲಿ ಜಗಳ ಆಗುತ್ತದೆ. ಆಗಲಿ.

ಕೆಳಗೆ ಹತ್ತಿರದಲ್ಲೇ ಕಿಂಡಿ ಅಣೆಕಟ್ಟು ಇದ್ದರೆ ಎಚ್ಚರ. ಕಿಂಡಿಗಳಿಗೆ ನೀರು ತಡೆಯಲು ಹಾಕುವ ಹಲಗೆ ತೆಗೆದಿದ್ದರೂ ಮರ ಸಿಕ್ಕಿಕೊಂಡರೆ ನೀರು ಹಿಂದಕ್ಕೆ ಏರುತ್ತದೆ, ನಿಮ್ಮ ನೆರೆ ಲೆಕ್ಕ ತಲೆಕೆಳಗಾಗುತ್ತದೆ. ಮರಳು ತೆಗೆಯುವ ಜಾಗವೂ ಬೇಡ. 2018ರ ಜೂನ್‌ನಲ್ಲಿ ಮೂಲರಪಟ್ನದಲ್ಲಿ ಫಲ್ಗುಣಿ ಹೊಳೆಯ ವಾಹನದ ಸೇತುವೆ ಕುಸಿಯಿತು. ಬುಡದ ಮರಳು ಹೋದದ್ದೇ ಕಾರಣ ಅಂತ ಊರವರು ದೂರಿದರು. ಆಮೇಲೆ ಜನರಿಗೆ ದಾಟಲು ಆಸರೆಯಾದದ್ದು ಪಕ್ಕದ ತೂಗುಸೇತುವೆ. ಹೊಳೆಯ ನಡುವೆ ಕಂಬ ಇಲ್ಲದ್ದರ ಬೆಲೆ ಅದು.

ಕಂಬ ಹಾಕಲೇಬೇಕಾದರೆ ಬುಡ ಎಷ್ಟು ಆಳ ಅನ್ನುವುದಕ್ಕೂ ನಿಯಮ ಉಂಟು. ಹೊಳೆ ಸರಾಸರಿ ಎಷ್ಟು ಆಳಕ್ಕೆ ಕೊರೆಯುತ್ತದೆ ಅಂತ ಲೆಕ್ಕ ಹಾಕಿ, ನಡುಕಂಬದ ಹತ್ತಿರ ಅದರ ಎರಡು ಪಟ್ಟು ಕೊರೆತ ಅಂತ ಹಿಡಿದು, ಅಡಿಪಾಯವನ್ನು ಅದಕ್ಕೂ ಮೂರನೇ ಒಂದು ಪಾಲು ಜಾಸ್ತಿ ಆಳಕ್ಕೆ ಇಳಿಸಬೇಕು. ದಡದ ಗೋಡೆಗೆ ಎರಡು ಪಟ್ಟಿನ ಬದಲು 1.27 ಪಟ್ಟು. ಗಟ್ಟಿ ಬಂಡೆ ಸಿಕ್ಕಿದರೆ ಮಾತ್ರ ಇದರಿಂದ ರಿಯಾಯಿತಿ.

ಯಾವ ಅಗಲಕ್ಕೆ ಯಾವ ಸಂಕ

ಹತ್ತು ಮೀಟರಿನೊಳಗಿನ ತೋಡಿಗೆ ತೂಗುಸೇತುವೆ ಬೇಕಿಲ್ಲ. ಎರಡು ಕಡೆ ಬಂಡೆಯ ಮೇಲೆ ಕಾಂಕ್ರೀಟ್ ಗೋಡೆ, ಮೇಲೆ ಎರಡು ಉಕ್ಕಿನ ಐ ಬೀಮ್, ಅದರ ಮೇಲೆ ಹಲಗೆ. 8 ಮೀಟರ್ ಉದ್ದ, 1.2 ಮೀಟರ್ ಅಗಲಕ್ಕೆ 250 ಮಿ.ಮೀ. ಎತ್ತರದ ಬೀಮ್ ಅಂದಾಜಿಗೆ ಸರಿಹೋಗುತ್ತದೆ, ನಡುನಡುವೆ ಅಡ್ಡಬಂಧ ಇರಬೇಕು. ನಡುವೆ ಕಂಬವೂ ಬೇಡ, ಪೈಪೂ ಬೇಡ. ತೋಡು ತನ್ನಷ್ಟಕ್ಕೆ ಹೋಗಲಿ. ಎರಡೂ ಬದಿ ಕೈಹಿಡಿ ಕಡ್ಡಾಯ. 2022ರ ಆಗಸ್ಟ್‌ನಲ್ಲಿ ಬೈಂದೂರು ಕಡೆ ಶಾಲೆಯಿಂದ ಬರುತ್ತಿದ್ದ ಪುಟ್ಟ ಹುಡುಗಿಯೊಬ್ಬಳು ಕಾಲುಸಂಕದಿಂದ ಜಾರಿ ನೀರುಪಾಲಾದಳು. ಇಂಥ ತೋಡುಗಳು ನಮ್ಮ ದಕ್ಷಿಣ ಕನ್ನಡ, ಉಡುಪಿ ಎರಡೂ ಜಿಲ್ಲೆಗಳಲ್ಲಿ ಬೇಕಾದಷ್ಟಿವೆ. ಬೇಸಗೆಯಲ್ಲಿ ನೋಡಿದರೆ ಇದಕ್ಕೆಂಥ ಸಂಕ ಅನಿಸುತ್ತದೆ.

ಇಪ್ಪತ್ತೈದು ಮೀಟರಿನಿಂದ ಮೇಲೆ, ಬರೀ ನಡೆದು ದಾಟಲು, ತೂಗುಸೇತುವೆಗೆ ಸಾಟಿ ಇಲ್ಲ. ಇದು ನಮ್ಮದೇ ಮಣ್ಣಿನಲ್ಲಿ ಪಳಗಿದ ವಿದ್ಯೆ. ಸುಳ್ಯದ ಗಿರೀಶ್ ಭಾರದ್ವಾಜ್ 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿ ಹೊಳೆಗೆ ಮೊದಲ ತೂಗುಸೇತುವೆ ಕಟ್ಟಿದರು. ಆಮೇಲೆ ನೂರಕ್ಕೂ ಹೆಚ್ಚು ಕಟ್ಟಿ, 2017ರಲ್ಲಿ ಪದ್ಮಶ್ರೀ ಪಡೆದರು. ಒಮ್ಮೆ ಅರಂಬೂರಿಗೋ ಉಡುಪಿ ಹತ್ತಿರದ ಕೆಮ್ಮಣ್ಣಿನ ತಿಮ್ಮಣ್ಣಕುದ್ರುವಿಗೋ ಹೋಗಿ ತೂಗುಸೇತುವೆಯ ಅಡಿಯಿಂದ ಮೇಲಕ್ಕೆ ನೋಡಿ. ಯಾವ ಪುಸ್ತಕಕ್ಕಿಂತ ಬೇಗ ಅರ್ಥವಾಗುತ್ತದೆ.

ಕುದ್ರುಗಳ, ಅಂದರೆ ಹೊಳೆ ನಡುವಿನ ದ್ವೀಪಗಳ, ಮಾತೇ ಬೇರೆ. ನೇತ್ರಾವತಿಯ ಪಾವೂರು ಉಳಿಯದಲ್ಲಿ ಮಳೆಗಾಲ ಮುಗಿದ ಮೇಲೆ ತಾತ್ಕಾಲಿಕ ಸಂಕ ಹಾಕಿಕೊಳ್ಳುತ್ತಾರೆ, ಮಳೆಗಾಲಕ್ಕೆ ದೋಣಿ. ಅಲ್ಲಿ ದಡ ತಗ್ಗು, ಬಂಡೆ ಇಲ್ಲ. ಅಳಿವೆಗೆ ಹತ್ತಿರವಾದಷ್ಟೂ ಉಪ್ಪುನೀರಿನ ಕಾಟ ಬೇರೆ. ಅಂಥ ಜಾಗಕ್ಕೆ ಈ ಲೇಖನದ ಅಂದಾಜು ಸಾಲದು.

ಹಗ್ಗ ಬಿಗಿ ಎಳೆದರೆ ಗಟ್ಟಿ ಅಲ್ಲ

ಬಟ್ಟೆ ಒಣಹಾಕುವ ಹಗ್ಗ ನೆನಪು ಮಾಡಿಕೊಳ್ಳಿ. ಸ್ವಲ್ಪ ಜೋಲು ಬಿಟ್ಟರೆ ಒದ್ದೆ ಕಂಬಳಿ ಹಾಕಿದರೂ ತಡೆಯುತ್ತದೆ. ಟಣ್ ಅನ್ನುವ ಹಾಗೆ ಬಿಗಿದರೆ ಮೊಳೆಯೇ ಕಿತ್ತು ಬರುತ್ತದೆ. ತೂಗುಸೇತುವೆಯೂ ಹಾಗೆಯೇ.

ಲೆಕ್ಕ ನೋಡೋಣ. ಗೋಪುರದಿಂದ ಗೋಪುರಕ್ಕೆ 40 ಮೀಟರ್, ಹಲಗೆ 1 ಮೀಟರ್ ಅಗಲ. ಜನರ ಭಾರ ಚದರ ಮೀಟರಿಗೆ 500 ಕಿಲೋ ಅಂತ ಹಿಡಿಯಬೇಕು. ಅಂದರೆ ಒಟ್ಟು 20 ಟನ್, ಸುಮಾರು 300 ಜನ. ಇಷ್ಟೊಂದು ಯಾಕೆ, ನಮ್ಮೂರಲ್ಲಿ ಇರುವುದೇ 40 ಮನೆ ಅಂತ ಕೇಳಬೇಡಿ. ಭೂತಕೋಲದ ದಿನ ರಾತ್ರಿ ಎಲ್ಲರೂ ಒಟ್ಟಿಗೆ ದಾಟುತ್ತಾರೆ. ನೆರೆ ಬಂದ ದಿನ ಹೊಳೆ ನೋಡಲು ಎಲ್ಲರೂ ನಿಲ್ಲುವುದು ಸಂಕದ ಮೇಲೆಯೇ ಅಲ್ವಾ? ಹಲಗೆ, ಕಬ್ಬಿಣದ ಸ್ವಂತ ಭಾರಕ್ಕೆ ಮೀಟರಿಗೆ 150 ಕಿಲೋ ಸೇರಿಸಿ. ಒಟ್ಟು ಮೀಟರಿಗೆ 650 ಕಿಲೋ.

ಉಕ್ಕಿನ ಹಗ್ಗದ ಜೋಲು ಉದ್ದದ ಹತ್ತನೇ ಒಂದು, ಅಂದರೆ 4 ಮೀಟರ್ ಇಟ್ಟರೆ ಅಡ್ಡ ಎಳೆತ 32.5 ಟನ್. ಗೋಪುರದ ತುದಿಯಲ್ಲಿ ಹಗ್ಗದೊಳಗಿನ ಎಳೆತ 35 ಟನ್. ಎರಡು ಹಗ್ಗ, ತಲಾ 17.5. ಮೂರು ಪಟ್ಟು ಸುರಕ್ಷತೆ ಅಂದರೆ ಒಂದೊಂದು ಹಗ್ಗಕ್ಕೂ 52 ಟನ್‌ಗಿಂತ ಮೇಲೆ ಮುರಿಬಲ ಬೇಕು. ಈಗ 'ಜೋಲು ಚಂದ ಕಾಣುವುದಿಲ್ಲ' ಅಂತ ಅದನ್ನು 2 ಮೀಟರಿಗೆ ಇಳಿಸಿ ನೋಡಿ. ಅಡ್ಡ ಎಳೆತ ನೇರ 65 ಟನ್‌ಗೆ ಹೋಗುತ್ತದೆ. ಅದೇ ಸಂಕ, ಅದೇ ಜನ, ಎಳೆತ ಎರಡು ಪಟ್ಟು.

ಹಗ್ಗ ಕೊಳ್ಳುವಾಗ ದಪ್ಪ ಒಂದನ್ನೇ ಕೇಳಬೇಡಿ. ಮುರಿಬಲದ ಪರೀಕ್ಷಾ ಪ್ರಮಾಣಪತ್ರ ಕೇಳಿ. ಸತು ಲೇಪಿಸಿದ್ದೇ ಆಗಬೇಕು. ಬಂದರಿನಲ್ಲೋ ಕ್ರಷರಿನಲ್ಲೋ ಬಳಸಿ ಬಿಟ್ಟ ರೋಪ್ ಅರ್ಧ ಬೆಲೆಗೆ ಸಿಗುತ್ತದೆ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಬೇಡ. ಗುಜರಾತಿನ ಮೊರ್ಬಿಯಲ್ಲಿ 2022ರ ಅಕ್ಟೋಬರ್ 30ರಂದು ತೂಗುಸೇತುವೆ ಹರಿದು 135 ಜನ ಸತ್ತರು. ಮುಖ್ಯ ಹಗ್ಗದ 49 ತಂತಿಗಳಲ್ಲಿ 22 ಮೊದಲೇ ತುಕ್ಕು ಹಿಡಿದಿದ್ದವು ಅಂತ ತನಿಖೆಯಲ್ಲಿ ಗೊತ್ತಾಯಿತು. ಮೇಲಿನಿಂದ ನೋಡಿದವರಿಗೆ ಅದು ಹೊಸದಾಗಿ ರಿಪೇರಿಯಾದ ಸೇತುವೆ.

ಮಣ್ಣಿನೊಳಗಿನ ಆನೆ: ಆಂಕರ್

ಆ 32.5 ಟನ್ ಎಳೆತ ಕೊನೆಗೆ ಹೋಗಿ ಸೇರುವುದು ಎರಡು ದಡದ ಕಾಂಕ್ರೀಟ್ ಗಡ್ಡೆಗೆ, ಅದೇ ಆಂಕರ್. ಬರೀ ತೂಕ ಮತ್ತು ತಳದ ಉಜ್ಜುವಿಕೆಯನ್ನೇ ನಂಬಿದರೆ ಒಂದೊಂದು ದಡದಲ್ಲಿ ಸುಮಾರು 40 ಘನ ಮೀಟರ್ ಕಾಂಕ್ರೀಟ್ ಬೇಕು. 5 ಮೀಟರ್ ಉದ್ದ, 4 ಅಗಲ, 2 ಎತ್ತರ. ಹೆಚ್ಚುಕಡಿಮೆ ಒಂದು ಕೋಣೆ. ಹಗ್ಗ ಮೇಲಕ್ಕೂ ಎಳೆಯುವುದರಿಂದ ಇನ್ನೂ ಸ್ವಲ್ಪ ಜಾಸ್ತಿಯೇ. ನೆಲದೊಳಗೆ ಹೂತರೆ ಮುಂದಿನ ಮಣ್ಣೂ ತಡೆಯುತ್ತದೆ, ಬಂಡೆಗೆ ಸರಳು ಕೊರೆದು ಇಳಿಸಿದರೆ ಗಾತ್ರ ತುಂಬಾ ಇಳಿಯುತ್ತದೆ.

ನಮ್ಮ ಕಡೆಯ ಮಣ್ಣಿನ ಒಂದು ಕುತಂತ್ರ ಇಲ್ಲಿ ಗೊತ್ತಿರಬೇಕು. ಮೇಲೆ ಮುರಕಲ್ಲು (ಜಂಬಿಟ್ಟಿಗೆ), ಕೊಡಲಿಗೂ ಬಗ್ಗದಷ್ಟು ಗಟ್ಟಿ. ಅದರ ಕೆಳಗೆ ಬಿಳಿ, ಹಳದಿ, ನಸುಗೆಂಪು ಬಣ್ಣದ ಶೇಡಿಮಣ್ಣು. ಒಣಗಿದ್ದಾಗ ಗೋಡೆಯ ಹಾಗೆ ನಿಲ್ಲುತ್ತದೆ. ನೀರು ಕುಡಿದರೆ ಗಂಜಿಯಾಗಿ ಜಾರುತ್ತದೆ. ಫೆಬ್ರವರಿಯಲ್ಲಿ ಗುಂಡಿ ತೋಡಿ 'ಎಂಥ ಗಟ್ಟಿ ಮಾರಾಯ್ರೆ' ಅಂದುಕೊಂಡ ಮಣ್ಣೇ ಜುಲೈಯಲ್ಲಿ ಕೈಕೊಡುತ್ತದೆ. ಹಾಗಾಗಿ ಮಣ್ಣಿನ ಪರೀಕ್ಷೆಯನ್ನು ಮುರಕಲ್ಲು ದಾಟಿ ಕೆಳಗಿನವರೆಗೂ ಮಾಡಿಸಿ. ನೀರು ಕುಡಿದ ಸ್ಥಿತಿಯ ಬಲ ಎಷ್ಟು ಅಂತ ಕೇಳಿ. ಆಂಕರಿನ ಹಿಂದಿನ ಗುಡ್ಡದ ನೀರು ಅದರ ಮೇಲೆ ಹರಿಯದ ಹಾಗೆ ಮೇಲ್ಗಡೆ ಚರಂಡಿ ತೆಗೆಸಿ.

ಇನ್ನೊಂದು. ಆಂಕರ್ ನೆರೆಯಲ್ಲಿ ಮುಳುಗಬಾರದು. ಒಂದು ಘನ ಮೀಟರ್ ಕಾಂಕ್ರೀಟಿನ ತೂಕ 2.4 ಟನ್. ನೀರಿನಲ್ಲಿ ಮುಳುಗಿದರೆ ಉಳಿಯುವುದು 1.4. ನಿಮ್ಮ 96 ಟನ್ ಆನೆ 56 ಟನ್ ಆಗುತ್ತದೆ, ಅದೂ ಅತ್ಯಂತ ಬೇಕಾದ ದಿನ.

ಪತ್ತನಾಜೆಗೆ ಮೊದಲು

ಕೆಲಸದ ಕ್ಯಾಲೆಂಡರ್ ನಮ್ಮ ಊರಿನದ್ದೇ. ನವೆಂಬರಿನೊಳಗೆ ನಕ್ಷೆ, ಮಂಜೂರಾತಿ. ಡಿಸೆಂಬರಿನಿಂದ ಫೆಬ್ರವರಿ ಅಡಿಪಾಯ, ಆಂಕರ್. ಮಾರ್ಚ್‌ನಲ್ಲಿ ಗೋಪುರ. ಏಪ್ರಿಲ್‌ನಲ್ಲಿ ಹಗ್ಗ, ಹಲಗೆ. ಮೇ ಕೊನೆಯ ವಾರದ ಪತ್ತನಾಜೆಗೆ (ಮಳೆಗಾಲದ ಮೊದಲು ಕೋಲ, ಯಕ್ಷಗಾನ ನಿಲ್ಲಿಸುವ ತುಳುನಾಡಿನ ದಿನ) ಮೊದಲು ಎಲ್ಲ ಮುಗಿಯಬೇಕು. ಅರ್ಧ ಕಟ್ಟಿದ ಗೋಪುರವನ್ನು ಮಳೆಗೆ ಬಿಡುವುದಕ್ಕಿಂತ ಒಂದು ವರ್ಷ ತಡವಾಗಿ ಶುರು ಮಾಡುವುದು ಮೇಲು.

ಹಗ್ಗದ ಜೋಲು ಅಳೆಯುವುದು ಬೆಳಗ್ಗೆ ಬಿಸಿಲೇರುವ ಮೊದಲು. ಬಿಸಿಲಿಗೆ ಉಕ್ಕು ಹಿಗ್ಗುತ್ತದೆ, ಮಧ್ಯಾಹ್ನದ ಅಳತೆ ಸುಳ್ಳು ಹೇಳುತ್ತದೆ.

ಹಗ್ಗದ ತುದಿಯನ್ನು ಮಡಚಿ ಕ್ಲಿಪ್ ಹಾಕುವಲ್ಲಿ ಸ್ವತಃ ನಿಂತು ನೋಡಿ. ಕ್ಲಿಪ್ಪಿಗೆ ಎರಡು ಭಾಗ. ಒಂದು, ಹಲ್ಲು ಇರುವ ತಳಪಾಯದ ತುಂಡು. ಇನ್ನೊಂದು, ಯು ಆಕಾರದ ಬೋಲ್ಟ್. ತಳಪಾಯ ಕೂರಬೇಕಾದದ್ದು ಭಾರ ಹೊರುವ ಉದ್ದ ಹಗ್ಗದ ಮೇಲೆ. ಯು ಬೋಲ್ಟ್ ಒತ್ತಬೇಕಾದದ್ದು ಮಡಚಿದ ಗಿಡ್ಡ ತುದಿಯನ್ನು. ತಿರುಗಾಮುರುಗಾ ಹಾಕಿದರೆ ಬೋಲ್ಟು ಮುಖ್ಯ ಹಗ್ಗವನ್ನೇ ಕಚ್ಚಿ ಜಜ್ಜುತ್ತದೆ. ಒಂದು ಹಾಗೆ, ಒಂದು ಹೀಗೆ ಹಾಕುವವರೂ ಇದ್ದಾರೆ, ಅದೂ ತಪ್ಪು. ಎಲ್ಲವೂ ಒಂದೇ ದಿಕ್ಕಿಗೆ, ಒಂದರಿಂದ ಒಂದಕ್ಕೆ ಹಗ್ಗದ ದಪ್ಪದ ಆರು ಪಟ್ಟು ಅಂತರ. ಎಷ್ಟು ಕ್ಲಿಪ್ ಅನ್ನುವುದಕ್ಕೆ ತಯಾರಕರ ಪಟ್ಟಿ ನೋಡಿ. ಭಾರ ಬಿದ್ದ ಮೇಲೆ ಹಗ್ಗ ಸ್ವಲ್ಪ ಸಣ್ಣಗಾಗುತ್ತದೆ, ಕ್ಲಿಪ್ ಸಡಿಲವಾಗುತ್ತದೆ. ಹಲಗೆ ಹಾಕಿದ ವಾರದಲ್ಲಿ ಮತ್ತೆ ಬಿಗಿಯಲೇಬೇಕು.

ಹಲಗೆಗೆ ಮರ ಬೇಡ. ಎರಡೇ ಮಳೆಗೆ ಪಾಚಿ ಹಿಡಿದು ಜಾರುತ್ತದೆ. ಸತು ಲೇಪಿಸಿದ ಉಕ್ಕಿನ ಜಾಲರಿ ಹಲಗೆ ನನಗೆ ಇಷ್ಟ. ಮಳೆನೀರು ನಿಲ್ಲುವುದಿಲ್ಲ, ಗಾಳಿ ಹಾದುಹೋಗುತ್ತದೆ, ಅಕಸ್ಮಾತ್ ನೆರೆ ಮುಟ್ಟಿದರೂ ನೀರಿಗೆ ಒಂದಿಷ್ಟು ದಾರಿ ಇರುತ್ತದೆ. ಕೆಳಗೆ ಹೊಳೆ ಕಾಣುವುದರಿಂದ ಕೆಲವರಿಗೆ ತಲೆ ತಿರುಗುತ್ತದೆ, ದನ ಹತ್ತುವುದಿಲ್ಲ. ದನ ದಾಟಿಸುವವರಿದ್ದರೆ ತೆಳು ಕಾಂಕ್ರೀಟ್ ಹಲಗೆಯೇ ಸರಿ, ಮೇಲೆ ಒರಟು ಗೆರೆ ಎಳೆಸಿ. ಕೈಹಿಡಿ 1.1 ಮೀಟರಿಗೆ ಕಡಿಮೆ ಬೇಡ, ಕೆಳಗಿನವರೆಗೂ ಬಲೆ ಇರಲಿ. ತೂಗಾಟ ತಡೆಯಲು ಎರಡೂ ಬದಿಯಿಂದ ದಡಕ್ಕೆ ಗಾಳಿಹಗ್ಗ ಕಟ್ಟುತ್ತಾರೆ. ಅದನ್ನು ತೀರ ತಗ್ಗಿನಲ್ಲಿ ಕಟ್ಟಿದರೆ ತೇಲಿ ಬರುವ ಮರ ಅದಕ್ಕೇ ಸಿಕ್ಕಿ ಇಡೀ ಸಂಕವನ್ನು ಎಳೆಯುತ್ತದೆ. ಅದೂ ನೆರೆ ಗುರುತಿನಿಂದ ಮೇಲಿರಲಿ.

ಕಾಗದ

ಗ್ರಾಮಸಭೆಯಲ್ಲಿ ನಿರ್ಣಯ ಮಾಡಿಸಿ, ಅದರ ನಕಲು ಇಟ್ಟುಕೊಳ್ಳಿ. ಸಣ್ಣ ಕಾಲುಸಂಕಗಳನ್ನು ನರೇಗಾದಲ್ಲಿ ಮಾಡಿದ ಉದಾಹರಣೆ ನಮ್ಮಲ್ಲಿ ಉಂಟು. ಶಾಲಾ ಮಕ್ಕಳ ದಾರಿಯಾದರೆ ಲೋಕೋಪಯೋಗಿ ಇಲಾಖೆಯ ಶಾಲಾ ಸಂಪರ್ಕ ಸೇತು ಯೋಜನೆಯ ಬಗ್ಗೆ ವಿಚಾರಿಸಿ. ಮಕ್ಕಳ ಸಂಖ್ಯೆ, ಸುತ್ತು ದಾರಿಯ ಕಿಲೋಮೀಟರ್, ನೆರೆ ಗುರುತಿನ ಫೋಟೋ, ಇಷ್ಟು ಅರ್ಜಿಯ ಜೊತೆ ಇರಲಿ. ಒಂದು ದಡ ಕಾಡಿಗೆ ಸೇರಿದ್ದರೆ ಅರಣ್ಯ ಇಲಾಖೆಯ ಒಪ್ಪಿಗೆಗೆ ಎಲ್ಲಕ್ಕಿಂತ ಜಾಸ್ತಿ ಸಮಯ ಹಿಡಿಯುತ್ತದೆ, ಅದನ್ನೇ ಮೊದಲು ಹಾಕಿ. ಉಬ್ಬರದ ನೀರು ಬರುವ ಕಡೆ ಕರಾವಳಿ ವಲಯದ ಅನುಮತಿಯೂ ಬೇಕು. ಲೆಕ್ಕವನ್ನು ಇನ್ನೊಬ್ಬರಿಂದ ತಪಾಸಣೆ ಮಾಡಿಸಲು ಸುರತ್ಕಲ್‌ನ ಎಂಜಿನಿಯರಿಂಗ್ ಕಾಲೇಜು ಎನ್‌ಐಟಿಕೆಯಂಥ ಕಡೆಯ ಸಿವಿಲ್ ವಿಭಾಗವನ್ನು ಕೇಳಬಹುದು.

ಕಟ್ಟಿದ ಮೇಲೆ

ಉದ್ಘಾಟನೆಗೆ ಬಂದಷ್ಟು ಜನ ಗ್ರೀಸ್ ಹಚ್ಚಲು ಬರುವುದಿಲ್ಲ. ಆದ್ದರಿಂದ ಹಣವನ್ನು ಮೊದಲೇ ತೆಗೆದಿಡಿ. ವರ್ಷಕ್ಕೆ ಎರಡು ಸಲ, ಏಪ್ರಿಲ್ ಮತ್ತು ಅಕ್ಟೋಬರ್‌ನಲ್ಲಿ, ಪ್ರತಿ ಕ್ಲಿಪ್ಪು, ಪ್ರತಿ ನೇತುಕಂಬಿ, ಆಂಕರಿಗೆ ಹಗ್ಗ ಇಳಿಯುವ ಜಾಗ ನೋಡಬೇಕು. ಈ ಕೊನೆಯದನ್ನು ಮರೆಯಬೇಡಿ. ಅಲ್ಲಿ ತರಗೆಲೆ, ಮಣ್ಣು ಸೇರಿ ಹಗ್ಗ ಸದಾ ಒದ್ದೆಯಾಗಿರುತ್ತದೆ. ತುಕ್ಕು ಶುರುವಾಗುವುದು ಅಲ್ಲಿಂದಲೇ. ಬಟ್ಟೆಯಿಂದ ಹಗ್ಗ ಒರೆಸಿ. ತುಂಡಾದ ತಂತಿ ಇದ್ದರೆ ಬಟ್ಟೆಗೆ ಸಿಕ್ಕಿಕೊಳ್ಳುತ್ತದೆ, ಬರಿಗೈ ಹಾಕಬೇಡಿ. ಕಂಡದ್ದನ್ನು ಒಂದು ಪುಸ್ತಕದಲ್ಲಿ ತಾರೀಕು ಸಮೇತ ಬರೆದಿಡಿ.

ದೊಡ್ಡ ನೆರೆ ಹೋದ ಮೇಲೆ ಗೋಪುರದ ಬುಡದ ಮಣ್ಣು ಕೊರೆದಿದೆಯೋ ನೋಡದೆ ಜನರನ್ನು ಬಿಡಬೇಡಿ. ಗೋಪುರದ ಮೇಲೆ ನೀರಿನ ಮಟ್ಟಕ್ಕೆ ಬಣ್ಣದ ಪಟ್ಟಿ ಬಳಿಯಿರಿ. ಹಳದಿ ಮುಟ್ಟಿದರೆ ಒಂದು ಸಲಕ್ಕೆ ಹತ್ತು ಜನ, ಕೆಂಪು ಮುಟ್ಟಿದರೆ ಗೇಟು ಬಂದ್. ಗೇಟಿನ ಕೀ ಸಂಕದ ಹತ್ತಿರದ ಮನೆಯಲ್ಲಿರಲಿ, ಎರಡೂ ದಡದಲ್ಲಿ ಒಂದೊಂದು. ಪಂಚಾಯತ್ ಕಚೇರಿಯಲ್ಲಿ ಇಟ್ಟರೆ ಪ್ರಯೋಜನ ಇಲ್ಲ. ರಾತ್ರಿ ಎರಡು ಗಂಟೆಗೆ ಹೊಳೆ ಏರುವಾಗ ಕಚೇರಿಗೇ ಬೀಗ ಬಿದ್ದಿರುತ್ತದೆ.